ಎಡಗಾಲು ಇರಲಿ, ಡಾಕ್ಟರಮ್ಮಾ

ನನ್ನ ಕೊಠಡಿಯ ಬಾಗಿಲಲ್ಲಿ ಯಾರೋ ಕೆಸರು ಮೆತ್ತಿದ ಗಂಬೂಟ್ಸು ಬಿಟ್ಟಿದ್ದರು. ಆಗಷ್ಟೇ ಒರೆಸಿದ ನೆಲ. ನನಗೆ ಮೂಗಿನ ತುದಿಯಲ್ಲೇ ಕೋಪ, ಅದು ಆಸ್ಪತ್ರೆಗೆಲ್ಲ ಗೊತ್ತಿರುವ ಸಂಗತಿ. "ಯಾರದ್ರೀ ಇದು?" ಎಂದು ಕೂಗಲು ಬಾಯಿ ತೆರೆದವಳು ಬೂಟಿನ ಆಕಾರ ನೋಡಿ ಸುಮ್ಮನಾದೆ. ಪಾದದ ಭಾಗ ಪುಟ್ಟದು, ನನ್ನ ಕಾಲು ಕೂಡ ಅದರೊಳಗೆ ಹೋಗುವಂತಿರಲಿಲ್ಲ. ಆದರೆ ಮೇಲಿನ ಕೊಳವೆಯನ್ನು ಹಿಂದಿನಿಂದ ಹಿಮ್ಮಡಿಯವರೆಗೂ ಚಾಕುವಿನಲ್ಲಿ ಸೀಳಿ, ಸೀಳಿದ ಅಂಚುಗಳಿಗೆ ತೂತು ಕೊರೆದು, ಗೋಣಿದಾರ ಹಾಕಿ ಸಡಿಲವಾಗಿ ಕಟ್ಟಲಾಗಿತ್ತು. ಎರಡು ಬೂಟಿಗೂ ಅದೇ ಗತಿ.

ಅಂದರೆ ಈ ಹೆಂಗಸಿನ ಪಾದ ಸಣ್ಣದು, ಮೀನಖಂಡ ಮಾತ್ರ ಬೂಟಿನಲ್ಲಿ ಹಿಡಿಸದಷ್ಟು ದಪ್ಪ. ಕಾಯಿಲೆಯ ಹೆಸರು ನನಗೆ ಅಲ್ಲೇ, ಹೊಸ್ತಿಲ ಮೇಲೆಯೇ ಹೊಳೆಯಿತು.

ನಾನು ಪ್ಲಾಸ್ಟಿಕ್ ಸರ್ಜರಿ ಕಲಿತವಳು. ಹುಟ್ಟಿದ್ದು ಬೆಟ್ಟದ ಆಚೆ, ಗುಂಡ್ಲುಪೇಟೆಯ ಕಡೆ. ನೀಲಗಿರಿಯ ಕೋತಗಿರಿ ತಾಲ್ಲೂಕಿನ ಈ ಸಣ್ಣ ಆಸ್ಪತ್ರೆಯಲ್ಲಿ ನನಗೆ ಸಿಗುವುದು ಬೆಂಕಿಗೆ ಸುಟ್ಟ ಮೈ, ಕಾಡೆಮ್ಮೆ ತಿವಿದ ಗಾಯ, ಟೀ ಫ್ಯಾಕ್ಟರಿಯ ಯಂತ್ರಕ್ಕೆ ಸಿಕ್ಕ ಬೆರಳು. ಕಾಲು ದಪ್ಪ ಎಂದು ನನ್ನ ಹತ್ತಿರ ಯಾರೂ ಬರುವುದಿಲ್ಲ. ಈಕೆಯೂ ಬೇರೆ ಕೊಠಡಿಯ ಸಾಲಿನಲ್ಲಿ ನಿಂತು, ಅಲ್ಲಿಂದ ಕಳಿಸಿದ್ದರಿಂದ ಇಲ್ಲಿಗೆ ಬಂದಿದ್ದಳು.

ಕೂಕಲ್ತೊರೈ ಹತ್ತಿರದ ಒಂದು ಹಟ್ಟಿಯವಳು, ಬಡಗರ ಹೆಂಗಸು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಗಂಡ ಟೀ ಎಲೆ ಸಾಗಿಸುವ ಲಾರಿ ಓಡಿಸುತ್ತಾನೆ. ಮನೆಯ ಕೆಳಗಿನ ಇಳಿಜಾರಿನಲ್ಲಿ ಅವರದೇ ಒಂದಿಷ್ಟು ಟೀ ಗಿಡ ಇದೆ, ಅದನ್ನು ನೋಡಿಕೊಳ್ಳುವವಳು ಇವಳೇ. ಸೊಂಟದ ಮೇಲೆ ಸಪೂರ ಮೈ. ಸೊಂಟದಿಂದ ಕೆಳಗೆ ಬೇರೆ ಯಾರದೋ ಕಾಲು ತಂದು ಜೋಡಿಸಿದ ಹಾಗೆ. ದಪ್ಪ ನೇರವಾಗಿ ಕಣಕಾಲಿನವರೆಗೂ ಬಂದು, ಅಲ್ಲಿ ಬಳೆ ತೊಡಿಸಿದಂತೆ ಥಟ್ಟನೆ ನಿಂತಿತ್ತು. ಕಾಲ್ಬೆರಳಿನ ಮೇಲಿನ ಚರ್ಮ ಚಿವುಟಿದೆ, ಸಲೀಸಾಗಿ ಬೆರಳಿಗೆ ಬಂತು. ಆನೆಕಾಲಾಗಿದ್ದರೆ ಪಾದವೇ ಮೊದಲು ಊದಿರುತ್ತಿತ್ತು. ಮೊಣಕಾಲಿನ ಕೆಳಗೆ ಮೆಲ್ಲಗೆ ಒತ್ತಿದ್ದಕ್ಕೆ ಅವಳು ಹಲ್ಲು ಕಚ್ಚಿ ಮಂಚದ ಅಂಚು ಹಿಡಿದಳು.

"ಆನೆಕಾಲಿನ ಮಾತ್ರೆ ತಗೊಂಡಿದ್ದೀರಾ ಅಕ್ಕಾ?"

"ಮೂರು ಸಲ ಕೊಟ್ಟರು ಡಾಕ್ಟರಮ್ಮಾ. ನುಂಗಿದೆ."

ಹಿಮ ಬಿದ್ದು ಎಲೆ ಕರಕಾಗುವ, ಆನೆಕಾಲು ತರುವ ಸೊಳ್ಳೆ ಬದುಕದ ಈ ಎತ್ತರದಲ್ಲಿ, ಬೆಟ್ಟ ಇಳಿದು ಎಲ್ಲೂ ಹೋಗದ ಹೆಂಗಸಿಗೆ, ರಕ್ತ ಪರೀಕ್ಷೆಯನ್ನೂ ಮಾಡಿಸದೆ ಆನೆಕಾಲಿನ ಮಾತ್ರೆ! ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಹಾಗೆ ಕೊಡದವರು ಇನ್ನೊಂದು ಹೇಳಿದ್ದರು: ಅನ್ನ ಕಡಿಮೆ ಮಾಡು.

ಇದಕ್ಕೆ ಲಿಪಿಡೀಮಾ ಎಂದು ಹೆಸರು. ಹೆಂಗಸರಿಗೇ ಹೆಚ್ಚು ಬರುವ ರೋಗ. ಮೈನೆರೆಯುವ ವಯಸ್ಸಿನಲ್ಲೋ ಬಸಿರಿನಲ್ಲೋ ಶುರುವಾಗುತ್ತದೆ. ಚರ್ಮದ ಕೆಳಗಿನ ಕೊಬ್ಬು ತಾನೇ ರೋಗಿಷ್ಟವಾಗಿ ಬೆಳೆಯುತ್ತದೆ, ನೋಯುತ್ತದೆ, ಮುಟ್ಟಿದರೆ ಕಂದುತ್ತದೆ. ಉಪವಾಸ ಮಾಡಿದರೆ ಮುಖ ಬತ್ತುತ್ತದೆ, ಕೈ ಬತ್ತುತ್ತದೆ, ಕಾಲು ಮಾತ್ರ ಜಪ್ಪಯ್ಯ ಎಂದರೂ ಕರಗುವುದಿಲ್ಲ. ಇಷ್ಟನ್ನು ನಾನು ನನಗೆ ತಿಳಿದ ಕನ್ನಡದಲ್ಲಿ ಹೇಳಿದೆ. ಬಡಗ ಮಾತು ನನ್ನ ಕಿವಿಗೆ ಅರ್ಧ ಹಳೆಯ ನೆಂಟನ ಹಾಗೆ, ಇನ್ನರ್ಧ ಅಪರಿಚಿತ. ನನ್ನ ಮಾತೂ ಅವಳಿಗೆ ಹಾಗೆಯೇ ಇದ್ದಿರಬೇಕು. ಪೂರ್ತಿ ಕೇಳಿದಳು. ಆಮೇಲೆ ಹೇಳಿದಳು:

"ನಾ ಎನ್ನ ಕಾಲಿಗೆ ಬಂದದ್ದಲ್ಲ ಡಾಕ್ಟರಮ್ಮಾ. ಎನ್ನ ಕೂಸು ಉಂಬದು ಬಿಟ್ಟದೆ."

ಹನ್ನೊಂದನೇ ಕ್ಲಾಸಿನ ಮಗಳು. ಅವಳ ಕಾಲೂ ಒಂದೆರಡು ವರ್ಷದಿಂದ ಅಮ್ಮನ ಕಾಲಿನ ದಾರಿ ಹಿಡಿದಿತ್ತು. ಹಟ್ಟಿಯಲ್ಲಿ ಅಮ್ಮನನ್ನು ಎಲ್ಲರೂ ಆಡಿಕೊಳ್ಳುವುದು ಒಂದೇ ಮಾತಿನಲ್ಲಿ, ಕದ್ದು ತಿಂತಾಳೆ ಅಂತ. ಅದನ್ನು ಕೇಳಿಕೊಂಡೇ ಬೆಳೆದ ಹುಡುಗಿ, ತನಗೆ ಹಾಗಾಗಬಾರದೆಂದು ತಟ್ಟೆಯನ್ನೇ ದೂರ ಇಟ್ಟಿದ್ದಳು. ಶಾಲೆಯ ಪ್ರಾರ್ಥನೆಯಲ್ಲಿ ತಲೆಸುತ್ತಿ ಬಿದ್ದಿದ್ದಳು. ಮುಂದಿನ ವಾರ ಅವಳನ್ನೂ ಕರೆಸಿ ನೋಡಿದೆ. ಕೈ ಕಡ್ಡಿ, ಕಣ್ಣು ಗುಳಿ, ಕಾಲು ಮಾತ್ರ ಹಾಗೇ ದುಂಡಗೆ. "ನೋಡು ಪುಟ್ಟಾ, ಇಷ್ಟು ದಿನ ಹಸಿದಿದ್ದೀಯ, ಕಾಲು ಕರಗಿತಾ? ಇದು ಊಟದ್ದಲ್ಲ, ರೋಗ. ನಿನಗಿನ್ನೂ ಶುರು ಅಷ್ಟೇ, ಆಪರೇಷನ್ ಏನೂ ಬೇಡ. ಕಾಲುಚೀಲ ಹಾಕು, ನಡೆ, ಹೊಟ್ಟೆ ತುಂಬ ಊಟ ಮಾಡು," ಎಂದೆ. ಅವಳು "ಸರಿ ಮೇಡಂ" ಎಂದಳು. ಕಣ್ಣು ಮಾತ್ರ ಅಮ್ಮನ ಕಾಲಿನ ಮೇಲೆಯೇ ಇತ್ತು. ಆ ಕಾಲು ಕಣ್ಣೆದುರಿಗಿರುವವರೆಗೂ ನನ್ನ ಮಾತನ್ನು ಈ ಹುಡುಗಿ ನಂಬುವುದಿಲ್ಲವೆಂದು ನನಗೂ ಅರ್ಥವಾಯಿತು, ಅವಳಮ್ಮನಿಗೂ ಅರ್ಥವಾಯಿತು.

ತಾಯಿಗೆ ಮೊದಲು ಬಿಗಿ ಪಟ್ಟಿ, ವ್ಯಾಯಾಮ, ನೀವುವ ಚಿಕಿತ್ಸೆ ಎಲ್ಲ ಮಾಡಿಸಿದೆವು. ಮಳೆಗಾಲ ಪೂರ್ತಿ ತಪ್ಪದೆ ಮಾಡಿದಳು. ಭಾರ ಸ್ವಲ್ಪ ಇಳಿಯಿತು, ನೋವು ಇಳಿಯಲಿಲ್ಲ. ತೋಟಕ್ಕೆ ಇಳಿದರೆ ಹತ್ತಲಾರದೆ ಗಿಡಗಳ ನಡುವೆಯೇ ಕೂತುಬಿಡುತ್ತಿದ್ದಳು. ಉಳಿದದ್ದು ಶಸ್ತ್ರಚಿಕಿತ್ಸೆ. ಕೊಳವೆ ಹಾಕಿ ರೋಗದ ಕೊಬ್ಬನ್ನು ಎಳೆದು ತೆಗೆಯುವುದು.

ಈ ಮಾತೆತ್ತಿದ್ದೇ ನಮ್ಮ ಮುಖ್ಯ ವೈದ್ಯರು ಹುಬ್ಬು ಗಂಟಿಕ್ಕಿದರು. ಹಿರಿಯರು, ಒಳ್ಳೆಯವರು, ಆದರೆ ಹಠಮಾರಿ. "ಕೊಬ್ಬು ತೆಗೆಯೋದು ಸಿನಿಮಾದವರಿಗಮ್ಮಾ. ನಮ್ಮದು ಆಸ್ಪತ್ರೆ, ಬ್ಯೂಟಿ ಪಾರ್ಲರ್ ಅಲ್ಲ," ಎಂದರು. ನಾನು ವಾದ ಮಾಡಲಿಲ್ಲ. ಅವರ ಕೈ ಹಿಡಿದೆಳೆಯುವುದೊಂದು ಬಾಕಿ, ಅವಳನ್ನು ಸೇರಿಸಿಕೊಂಡಿದ್ದ ವಾರ್ಡಿಗೆ ಕರೆದುಕೊಂಡು ಹೋದೆ. "ನೀವೇ ಒತ್ತಿ ನೋಡಿ ಸಾರ್," ಎಂದೆ. ನೀರು ತುಂಬಿದ ಕಾಲನ್ನು ಪರೀಕ್ಷಿಸುವಂತೆ ಹೆಬ್ಬೆರಳಿಟ್ಟು ಒತ್ತಿದರು. ಅವಳ ಕಣ್ಣಲ್ಲಿ ನೀರು ಬಂತು. ಮಾರನೆಯ ಬೆಳಿಗ್ಗೆ ಮತ್ತೆ ಕರೆದುಕೊಂಡು ಹೋಗಿ ತೋರಿಸಿದೆ. ಒತ್ತಿದ ಜಾಗದಲ್ಲಿ ನೇರಳೆ ಬಣ್ಣದ ಹೆಬ್ಬೆರಳಿನ ಅಚ್ಚು ಹಾಗೇ ಮೂಡಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನ ಬೆರಳೇನಮ್ಮಾ ಇದು?" ಎಂದರು. ಆಮೇಲೆ ಕೊಬ್ಬು ಎಳೆಯುವ ಯಂತ್ರ ತರಿಸಲು ಕೊಯಮತ್ತೂರಿಗೆ ತಾವೇ ಫೋನು ಮಾಡಿದರು.

ಕೆಲಸದ ರೀತಿ ಹೇಳುತ್ತೇನೆ. ಮೊದಲು ಚರ್ಮದ ಕೆಳಗೆ ಉಪ್ಪುನೀರು ತುಂಬಬೇಕು. ಅದರಲ್ಲಿ ಮರಗಟ್ಟಿಸುವ ಔಷಧಿ, ರಕ್ತನಾಳ ಬಿಗಿಯುವ ಔಷಧಿ ಬೆರೆತಿರುತ್ತದೆ. ಕಾಲು ಗಟ್ಟಿಯಾಗಿ, ಚರ್ಮ ಬೆಳ್ಳಗಾಗುವವರೆಗೂ ಕಾಯಬೇಕು. ಆಮೇಲೆ ಪೆನ್ಸಿಲ್ ತುದಿಯಷ್ಟು ತೂತು ಮಾಡಿ, ಮೊಂಡು ತುದಿಯ ಕೊಳವೆಯನ್ನು ಒಳಗೆ ಬಿಡಬೇಕು. ಅದನ್ನು ಯಾವಾಗಲೂ ಕಾಲಿನ ಉದ್ದಕ್ಕೇ ಆಡಿಸಬೇಕು, ಅಡ್ಡಕ್ಕೆ ಖಂಡಿತ ಕೂಡದು. ಚರ್ಮದಡಿಯ ನೀರನ್ನು ಸಾಗಿಸುವ ದುಗ್ಧನಾಳಗಳು ಉದ್ದಕ್ಕೆ ಹರಿಯುತ್ತವೆ. ಅಡ್ಡ ಬಡಿದು ಅವನ್ನು ಹರಿದರೆ ಇದ್ದ ರೋಗ ಹೋಗಿ ಇಲ್ಲದ ಬಾವು ಜೀವನಪೂರ್ತಿ ಅಂಟಿಕೊಳ್ಳುತ್ತದೆ. ಹಳದಿ ಬಂದರೆ ಸರಿ, ಕೆಂಪು ಬಂದರೆ ಕೈ ತಡೆಯಬೇಕು. ಚಂದದ ಕಾಲು ಮಾಡಿಕೊಡುವುದಲ್ಲ ಕೆಲಸ, ನೋಯದ ಕಾಲು ಮಾಡಿಕೊಡುವುದು. ಮೊದಲ ಸಲ ಎರಡೂ ಮೀನಖಂಡ, ಮುಂದೊಮ್ಮೆ ತೊಡೆ ಎಂದು ಗೊತ್ತುಮಾಡಿಕೊಂಡೆವು.

ಜನವರಿ ತಿಂಗಳು. ಹೊರಗೆ ಹುಲ್ಲೆಲ್ಲ ಬೆಳ್ಳಗೆ ಹಿಮ. ಕೂನೂರಿನಿಂದ ಬರುವ ನಮ್ಮ ಅರಿವಳಿಕೆ ತಜ್ಞರು ತಮಿಳರು, ಮಿತಭಾಷಿ. ನಾನು ಹತ್ತು ಮಾತಾಡಿದರೆ ಅವರದು ಅರ್ಧ ಮಾತು. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದರು. ಅವಳಿಗೆ ಪೂರ್ತಿ ಎಚ್ಚರವಿತ್ತು.

"ಹಿಮ ಜೋರಾಗಿ ಬಿದ್ದದೆಯಾ ಡಾಕ್ಟರಮ್ಮಾ? ಚಿಗುರು ಕರಕಾಗ್ತದೆ."

"ಕಾಲು ಕೊಯ್ಯೋಕೆ ಕೂತಿದ್ದೀನಿ, ನಿಮಗೆ ಚಿಗುರಿನ ಚಿಂತೆಯಾ?"

"ಕಾಲು ನೀವು ನೋಡ್ತಿದ್ದೀರಲ್ಲ, ಚಿಗುರು ನೋಡೋರು ಯಾರು?" ಎಂದಳು. ನರ್ಸುಗಳು ನಕ್ಕರು.

ಬಲಗಾಲು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಹೋಯಿತು. ಬೆಣ್ಣೆಯ ಬಣ್ಣದ ಕೊಬ್ಬು, ರಕ್ತ ಇಲ್ಲವೆನ್ನುವಷ್ಟು ಕಡಿಮೆ. ಅವಳ ಕಣಕಾಲಿನ ಮೂಳೆಯ ಗುಬ್ಬಿ ಕಣ್ಣಿಗೆ ಕಂಡಾಗ ನನಗೇ ಮೈ ಜುಮ್ಮೆಂದಿತು. ಎಷ್ಟು ವರ್ಷದಿಂದ ಒಳಗೇ ಮುಚ್ಚಿಹೋಗಿತ್ತೋ ಏನೋ.

ಎಡಗಾಲಿಗೆ ಉಪ್ಪುನೀರು ತುಂಬಲು ಶುರುಮಾಡಿದ ಸ್ವಲ್ಪ ಹೊತ್ತಿಗೆ ಅವಳ ಮಾತು ನಿಂತಿತು. ಹಲ್ಲು ಕಟಕಟ ಎನ್ನತೊಡಗಿತು. ಆಮೇಲೆ ಇಡೀ ಮೈ ನಡುಗಿ, ಮೇಜೇ ಅಲ್ಲಾಡಿತು. ಏನಾಗಿತ್ತೆಂದರೆ, ನಡುವೆ ಕರೆಂಟು ಹೋಗಿತ್ತು. ಥಿಯೇಟರಿನ ದೀಪಕ್ಕೂ ಯಂತ್ರಕ್ಕೂ ಜನರೇಟರ್ ಇತ್ತು, ಉಪ್ಪುನೀರಿನ ಬಾಟಲಿಗಳನ್ನು ಬೆಚ್ಚಗಿಡುವ ಪೆಟ್ಟಿಗೆಗೆ ಇರಲಿಲ್ಲ. ಬಲಗಾಲಿಗೆ ಹೋದದ್ದು ಬೆಚ್ಚನೆಯ ನೀರು. ಎಡಗಾಲಿನ ಸರದಿ ಬರುವಷ್ಟರಲ್ಲಿ ಆ ಬಾಟಲಿಗಳು ಬೆಟ್ಟದ ಚಳಿ ಕುಡಿದು ತಣ್ಣಗಾಗಿದ್ದವು. ಬೆನ್ನಿನ ಮದ್ದಿನಿಂದ ಮೊದಲೇ ಮೈಶಾಖ ಇಳಿದಿದ್ದವಳಿಗೆ ನಾವು ಚರ್ಮದ ಕೆಳಗೆ ಹಿಮದಂಥ ನೀರು ತುಂಬುತ್ತಿದ್ದೆವು.

ನೀರು ನಿಲ್ಲಿಸಿ, ಕಂಬಳಿ ಹೊದಿಸಿ, ಬಿಸಿನೀರಿನ ಚೀಲ ಇಟ್ಟೆವು. ನಡುಕ ಬಗ್ಗಲಿಲ್ಲ. ಅರಿವಳಿಕೆ ತಜ್ಞರು ಪರದೆ ನೋಡುತ್ತಿದ್ದರು. ನಾಡಿ ಏರುತ್ತಿತ್ತು, ನಡುವೆ ತಾಳ ತಪ್ಪುತ್ತಿತ್ತು.

"ಪೋದುಂ ಮೇಡಂ. ಸಾಕು, ನಿಲ್ಲಿಸಿ."

"ಒಂದೇ ಕಾಲು ಮಾಡಿ ಹೇಗೆ ಕಳಿಸಲಿ? ಇನ್ನೊಂದಿಷ್ಟು ಹೊತ್ತು ಕೊಡಿ, ನೀರು ಕಾಯಿಸಿ ತರ್ತಾರೆ."

"ಕಾಲು ಇನ್ನೊಂದು ದಿನ ಸಿಗುತ್ತೆ," ಎಂದರು ಅವರು. ಅವರಿಂದ ಅಷ್ಟು ಉದ್ದದ ಮಾತು ನಾನು ಕೇಳಿದ್ದು ಅದೇ ಮೊದಲು. ನಿಲ್ಲಿಸಿದೆ. ನಿಲ್ಲಿಸುವುದು ಸರಿಯೆಂದು ಕೈಗೆ ಗೊತ್ತಿತ್ತು, ಮನಸ್ಸಿಗೆ ಒಗ್ಗಲಿಲ್ಲ. ಅವಳ ಮೈ ಬೆಚ್ಚಗಾಗಿ, ನಾಡಿ ಹದಕ್ಕೆ ಬಂದ ಮೇಲೆ, ಒಂದು ಕಾಲು ಮಾತ್ರ ಆಗಿದೆ ಎಂದು ಹೇಳಲು ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವಳೇ ಕಂಬಳಿ ಸರಿಸಿ ನೋಡಿಕೊಂಡಳು.

"ಒಂದಾದರೂ ಆಯ್ತಲ್ಲ ಡಾಕ್ಟರಮ್ಮಾ. ನೀವ್ಯಾಕೆ ಮುಖ ಇಳಿಬಿಡ್ತೀರಿ?" ಎಂದು ನನಗೇ ಸಮಾಧಾನ ಹೇಳಿದಳು!

ಮನೆಗೆ ಹೋದ ಮೇಲೆ ಇನ್ನೊಂದು ಎಡವಟ್ಟು. ಬಲಗಾಲಿಗೆ ಬಿಗಿ ಕಾಲುಚೀಲ ಕೊಟ್ಟು, ಸ್ನಾನ ಬಿಟ್ಟರೆ ಬೇರೆ ಹೊತ್ತಲ್ಲಿ ತೆಗೆಯಬೇಡಿ ಎಂದಿದ್ದೆ. ಮುಂದಿನ ಸಲ ಬಂದಾಗ ಕಾಲು ಬಾತಿತ್ತು. ಚೀಲ ಹಿಡಿದೆಳೆದರೆ ಹಳೇ ಬನೀನಿನ ಹಾಗೆ ಜೋತುಬಿತ್ತು. ವಿಚಾರಿಸಿದರೆ, ಒಗೆದು ಒಲೆಯ ಮೇಲೆ ಒಣಹಾಕಿದ್ದಳಂತೆ. ಮಂಜು ಹಿಡಿದರೆ ಇಲ್ಲಿ ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ. ಕಂಬಳಿಯಿಂದ ಹಿಡಿದು ಶಾಲೆಯ ಸಾಕ್ಸಿನವರೆಗೆ ಎಲ್ಲರ ಮನೆಯಲ್ಲೂ ಒಣಗುವುದು ಒಲೆಯ ಮೇಲಿನ ತಂತಿಯಲ್ಲೇ. ಒಳಗಿನ ರಬ್ಬರು ಹೊಗೆಗೂ ಬಿಸಿಗೂ ಸತ್ತುಹೋಗಿತ್ತು. ನಾನು ಅದನ್ನು ಮೊದಲೇ ಯೋಚಿಸಬೇಕಿತ್ತು, ನಾನೂ ನನ್ನ ಸಾಕ್ಸನ್ನು ಹೀಟರಿನ ಮೇಲೆ ಒಣಗಿಸಿಕೊಳ್ಳುವವಳೇ. ಆದರೂ ಕೂಗಾಡಿದೆ.

ಹೊಸ ಚೀಲ ಬರುವವರೆಗೆ ದಪ್ಪ ಹತ್ತಿಯ ಪಟ್ಟಿ ಸುತ್ತಬೇಕಾಯಿತು. ಪಾದದಿಂದ ಶುರುಮಾಡಿ, ಕೆಳಗೆ ಬಿಗಿ, ಮೇಲೆ ಹೋಗುತ್ತ ಸಡಿಲ. ಅದನ್ನು ತಾನೇ ಬಗ್ಗಿ ಸುತ್ತಿಕೊಳ್ಳಲು ಅವಳಿಗೆ ಆಗುವುದಿಲ್ಲ. ಜೊತೆಗೆ ಬಂದಿದ್ದ ಮಗಳು, "ನಾ ಕಟ್ತೀನಿ ಮೇಡಂ," ಎಂದಳು. ಹೇಳಿಕೊಟ್ಟೆ. ಹುಡುಗಿಯ ಕೈ ಅಚ್ಚುಕಟ್ಟು. ಎರಡನೇ ಸಲಕ್ಕೇ ನಮ್ಮ ನರ್ಸಿಗಿಂತ ನೀಟಾಗಿ ಸುತ್ತಿದಳು. ಹೊಸ ಚೀಲ ಬಂದ ಮೇಲೂ, "ಪಟ್ಟಿಯೇ ಇರಲಿ, ಎನ್ನ ಕೂಸು ಕಟ್ತದೆ," ಎಂದಳು ತಾಯಿ. ಆಗ ನನಗೆ ಅದರ ಗುಟ್ಟು ಹೊಳೆಯಲಿಲ್ಲ.

ಕಾಲು ಆರಿತು. ಎಡಗಾಲಿಗೆ ದಿನ ಗೊತ್ತುಮಾಡಿದೆ. ಬೆಚ್ಚಗಿಡುವ ಪೆಟ್ಟಿಗೆಗೂ ಜನರೇಟರಿನ ತಂತಿ ಎಳೆಸಿದ್ದೆ, ಯಂತ್ರ ಬರುವುದಿತ್ತು, ಕೂನೂರಿನವರೂ ಒಪ್ಪಿದ್ದರು. ಅವಳು ಬಂದು ಎದುರಿಗೆ ಕೂತು ಹೇಳಿದ್ದು ಹೀಗೆ:

"ಎಡಗಾಲು ಇರಲಿ, ಡಾಕ್ಟರಮ್ಮಾ."

"ಇರಲಿ ಅಂದ್ರೆ? ನೋವಿಲ್ವಾ?"

"ಅದೆ. ರಾತ್ರಿ ಮಗ್ಗಲು ತಿರುಗೋಕೆ ಬಿಡದಷ್ಟು ಅದೆ."

"ಮತ್ತೆ?"

"ಕೂಸು ದಿನಾ ಎರಡು ಕಾಲೂ ಮುಟ್ತದೆ. ಬಲಗಾಲು ಕಟ್ಟುವಾಗ ನಾ ಸುಮ್ಮನಿರ್ತೀನಿ. ಎಡಗಾಲಿಗೆ ಕೈ ತಾಗಿದರೆ ಬೆಚ್ಚಿಬೀಳ್ತೀನಿ. ನಾ ಈಗ ಅವಳೆದುರಿಗೆ ಕೂತು ಹೊಟ್ಟೆ ತುಂಬ ಉಣ್ತೀನಿ, ಡಾಕ್ಟರಮ್ಮಾ. ಉಂಡದ್ದೇ ಕಾಲಿಗೆ ಇಳಿಯೋದಾದರೆ ಖಾಲಿ ಕಾಲಿಗೆ ತಾನೆ ಮೊದಲು ಇಳಿಯಬೇಕು? ಅವಳು ನೋಡಲಿ. ಎರಡೂ ಒಂದೇ ಸಮ ಮಾಡಿಬಿಟ್ಟರೆ, ಡಾಕ್ಟರು ತೆಗೆದರು, ಸಣ್ಣ ಆಯ್ತು ಅಂತಾಳೆ. ಅಲ್ಲಿಗೆ ಮುಗೀತು."

ನಾನು ರೇಗಿದೆ. ಯಂತ್ರದ ದಿನ, ಥಿಯೇಟರಿನ ದಿನ, ಎಲ್ಲ ಹೇಳಿದೆ. ಒಂದು ಕಾಲು ದಪ್ಪ ಒಂದು ಸಪೂರ ಇದ್ದರೆ ಇಳಿಜಾರಿನಲ್ಲಿ ಸೊಂಟ ಹಿಡಿಯುತ್ತದೆ ಎಂದು ಹೆದರಿಸಿದೆ. ಅವಳು ಹೇಳಿದ ಲೆಕ್ಕ ವೈದ್ಯಕೀಯದ ಪ್ರಕಾರ ಪೂರ್ತಿ ಸರಿಯೂ ಅಲ್ಲ, ತೆಗೆದ ಜಾಗಕ್ಕೆ ಕೊಬ್ಬು ಹಾಗೆ ಸಲೀಸಾಗಿ ಮರಳುವುದಿಲ್ಲ ಎಂದೂ ವಿವರಿಸಿದೆ. ಎಲ್ಲ ಕೇಳಿ, "ಆಗಲಿ. ಆದರೂ ಇರಲಿ," ಎಂದಳು. ಪುಸ್ತಕಕ್ಕೆ ಒಗ್ಗದ ಮಾತಾದರೂ ಅದರೊಳಗಿನ ತಾಯಿಗೆ ಏನು ಉತ್ತರ ಕೊಡುವುದು? ತಾನು ನೋವು ತಿಂದುಕೊಂಡು ಮಗಳ ಕಣ್ಣೆದುರಿಗೆ ಒಂದು ಸಾಕ್ಷಿ ಉಳಿಸಿಕೊಳ್ಳಲು ಹೊರಟ ಹೆಂಗಸು ಇವಳು. ಯಂತ್ರ ಬೇಡವೆಂದು ಕೊಯಮತ್ತೂರಿಗೆ ಫೋನು ಮಾಡಿದೆ.

ಆಮೇಲೆ ಅವಳನ್ನು ಕಂಡಾಗೆಲ್ಲ ನನ್ನ ಕಣ್ಣು ಮೊದಲು ಬಾಗಿಲಿಗೆ ಹೋಗುತ್ತಿತ್ತು. ಅಲ್ಲಿ ಈಗ ಬೇರೆ ಬೇರೆ ಬೂಟು. ಎಡಗಡೆ ಅದೇ ಸೀಳಿದ್ದು, ದಾರ ಕಟ್ಟಿದ್ದು. ಬಲಗಡೆ ಹೊಸದು, ಕೊಳವೆ ಇಡಿಯಾಗಿದ್ದದ್ದು. ಹಟ್ಟಿಯವರು ನಗುತ್ತಾರಂತೆ. "ನಗಲಿ, ನೋಡೋಕೆ ಬಂದವರೇ ತಾನೆ ನಗೋದು," ಎನ್ನುತ್ತಿದ್ದಳು. ಸಾವಿನ ಮನೆಗೂ ಮದುವೆಯ ಮನೆಗೂ ಅದೇ ಕಾಲಿನಲ್ಲಿ ಹೋಗಿ ಬಂದಳು. ಒಂದು ಕಾಲಿಗೆ ಪಟ್ಟಿ ಕಟ್ಟಿ, ಇನ್ನೊಂದು ಎಳೆದುಕೊಂಡು. ಮಗಳು ಹೇಳಿದಳು, ಅಮ್ಮ ಎಷ್ಟು ಉಂಡರೂ ಪಟ್ಟಿಯ ತುದಿ ಬಲಮೊಣಕಾಲಿನ ಕೆಳಗೆ ದಿನಾ ಒಂದೇ ಜಾಗಕ್ಕೆ ಬರುತ್ತದೆಯಂತೆ. ಯಾರೂ ಕೇಳದೆ, ತಾನಾಗಿ ಹೇಳಿದ ಮಾತು ಅದು.

ಬೇಸಿಗೆಯ ಮಳೆ ಬಿದ್ದು ಎಲೆ ಒತ್ತಾಗಿ ಚಿಗುರಿದ ಕಾಲಕ್ಕೆ ಒಂದು ಭಾನುವಾರ ಊಟಕ್ಕೆ ಬರಬೇಕೆಂದು ಕರೆದಳು. ಹೋದೆ. ಹಟ್ಟಿಯ ಸಾಲುಮನೆಗಳಲ್ಲಿ ಅವಳದು ಕೊನೆಯದು, ಅಂಗಳದ ಕೆಳಗೇ ತೋಟ. ಗಂಡನ ಅಕ್ಕ, ಹುಡುಗಿಯ ಮಾಮಿ, ಪಕ್ಕದ ಹಟ್ಟಿಯಿಂದ ಬಂದಿದ್ದಳು. ಬಾಯಿ ಜೋರಿನ ಹೆಂಗಸು. ಕದ್ದು ತಿನ್ನುವ ಕಥೆ ಹಬ್ಬಿಸಿದವರಲ್ಲಿ ಮೊದಲನೆಯವಳು ಇವಳೇ ಎಂದು ಕೇಳಿದ್ದೆ. ನನಗೇನೋ ಉಪಚಾರ ಜೋರಾಗಿಯೇ ಮಾಡಿದಳು.

ಹಿಟ್ಟಿನ ಮುದ್ದೆ, ಅವರೆಕಾಳಿನ ಉದಕ, ಸೊಪ್ಪು. ಉದಕ ಎಂದರೆ ನಮ್ಮ ಕಡೆಯ ಹುಳಿಯ ಹಾಗೆ, ಇನ್ನೂ ಗಟ್ಟಿ. ನಾನು, ಮಗಳು, ಮಾಮಿ ಕೂತೆವು. ತಾಯಿ ಎಡಗಾಲು ಚಾಚಿಕೊಂಡು ಮಣೆಯ ಮೇಲೆ ಕೂತು ಬಡಿಸುತ್ತಿದ್ದಳು. ನಾನು ಮಾತಾಡುತ್ತಿದ್ದರೂ ಓರೆಗಣ್ಣು ಹುಡುಗಿಯ ತಟ್ಟೆಯ ಮೇಲೆಯೇ. ಮೊದಲ ಉಂಡೆ ಮುಗಿಯಿತು. ಹುಡುಗಿ ಕೈ ನೆಕ್ಕಿ, ತಟ್ಟೆ ಮುಂದೆ ತಳ್ಳಿದಳು. ತಾಯಿ ಎರಡನೆಯದನ್ನು ಹಾಕಿದಳು, ಉದಕ ಸುರಿದಳು.

ಮಾಮಿಗೆ ತಡೆಯಲಾಗಲಿಲ್ಲ.

"ಸಾಕು ಕೂಸೇ! ಇಷ್ಟು ಉಂಡರೆ ಏನಾಗ್ತದೆ ಅಂತ ನಿನ್ನವ್ವೆ ಕಾಲು ನೋಡಿ ಗೊತ್ತಾಗಲಿಲ್ಲೆಯಾ?"

ನನಗೆ ನೆತ್ತಿಗೇರಿತು, ಬಾಯಿ ತೆರೆದೆ. ತಾಯಿ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿದಳು.

ಹುಡುಗಿ ಹಿಟ್ಟು ಮುರಿದು ಉದಕದಲ್ಲಿ ಅದ್ದಿದಳು. ಬಾಯಿಗಿಟ್ಟುಕೊಂಡು, ನುಂಗಿ, ಆಮೇಲೆ ತಲೆಯೆತ್ತಿದಳು.

"ಯಾವ ಕಾಲು ನೋಡಲಿ ಮಾಮಿ?"

ಮಾಮಿ ತಿರುಗಿ ನೋಡಿದಳು, ಮೊದಲು ಚಾಚಿದ ಕಾಲನ್ನು, ಆಮೇಲೆ ಮಡಿಸಿದ ಕಾಲನ್ನು. ಹುಡುಗಿ ಪಾತ್ರೆಯನ್ನೇ ತನ್ನ ಕಡೆ ಎಳೆದುಕೊಂಡು ಇನ್ನಷ್ಟು ಉದಕ ಬಡಿಸಿಕೊಂಡಳು.

ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಡಾಕ್ಟರಮ್ಮಾ, ಈಗ ಎಡಗಾಲಿಗೆ ದಿನ ನೋಡಿ," ಎಂದಳು.